ನಾಲ್ಕು ಮಾರು ಸರಿದ ಹಲಸಿನ ಗಿಡ

ಅನಗೋಳದ ಸಾಲೆಯ ಡ್ರಾಯಿಂಗ್ ಮಾಸ್ತರ ಗುರುಪುತ್ರಪ್ಪನವರ ಪ್ರವಾಸದ ವಹಿಯಲ್ಲಿ ಒಂದೇ ಒಂದು ಹಾಳೆ ಖಾಲಿ ಉಳಿದಿತ್ತು. ಮುಂದಿನ ರಾದ್ಧಾಂತಕ್ಕೆಲ್ಲ ಆ ಹಾಳೆಯೇ ಕಾರಣ.

ಅದು ನೂರು ಹಾಳೆಯ, ಕೆಂಪು ರಟ್ಟಿನ ವಹಿ. ಹೋದ ಊರಿನಲ್ಲಿ ಕೂತು, ಕಂಡದ್ದನ್ನು ಪೆನ್ಸಿಲಿನಲ್ಲಿ ಬಿಡಿಸಿ, ಕೆಳಗೆ ತಾರೀಖು ಹಾಕುವುದು ಮಾಸ್ತರರ ಪದ್ಧತಿ. ತಾರೀಖಿನ ಕೆಳಗೆ 'ಉಪಕಾರ' ಎಂದು ಬರೆದು ಆ ದಿನ ತಮಗೆ ನೆರವಾದವರ ಹೆಸರನ್ನೂ ನಮೂದಿಸುತ್ತಿದ್ದರು. ಬಸ್ಸಿನಲ್ಲಿ ಕಿಟಕಿ ಬಿಟ್ಟುಕೊಟ್ಟವರು, ಕುಡಿಯಲು ನೀರು ಕೊಟ್ಟವರು, ಮೈಮೇಲೆ ಬಂದ ನಾಯಿಯನ್ನು ಅಟ್ಟಿದವರು, ಎಲ್ಲರೂ ಅಲ್ಲಿದ್ದರು. ಎದುರಿಗೆ ನಿಂತು ಉಪಕಾರ ಆಯ್ತು ಎನ್ನಲು ಅವರಿಗೆ ಬಲು ನಾಚಿಕೆ. ಬಾಯಿಗೆ ಬಾರದ್ದನ್ನು ವಹಿಯಲ್ಲಿ ತೀರಿಸಿಕೊಳ್ಳುತ್ತಿದ್ದರು.

ಪ್ರವಾಸವೆಂದರೆ ಬಹಳ ದೂರದ್ದೇನಲ್ಲ. ಒಂದು ಕಡೆ ಸಾಂಬ್ರಾದ ವಿಮಾನದ ಬಯಲಿನ ತಂತಿ ಬೇಲಿ, ಇನ್ನೊಂದು ಕಡೆ ಖಾನಾಪುರ. ಅದರಾಚೆಗೆ ಮಾಸ್ತರರ ಪಗಾರವೂ ಹೋಗುತ್ತಿರಲಿಲ್ಲ, ಹೆಂಡತಿ ಕಾಂತಾ ಬಿಡುತ್ತಲೂ ಇರಲಿಲ್ಲ.

ಹೀಗಿರುವಾಗ ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಬೆಳಗಾವಿಯ ಒಂದು ಚಿತ್ರಕಲಾ ಮಂಡಳಿ, ಪ್ರವಾಸದ ಚಿತ್ರವಹಿಗಳ ಸ್ಪರ್ಧೆ ಇಟ್ಟಿತು. ಮೊದಲನೆಯ ಬಹುಮಾನ ಎಂಟು ದಿನ ಅಜಂತಾ ಪ್ರವಾಸ, ಹೋಗಿ ಬರುವ ಖರ್ಚು ಮಂಡಳಿಯದು. ನಿಯಮ ಎರಡೇ. ವಹಿಯ ಎಲ್ಲ ಹಾಳೆಗಳೂ ತುಂಬಿರಬೇಕು. ಒಂದೂ ಹಾಳೆ ಹರಿದಿರಬಾರದು. ಇಪ್ಪತ್ತು ವರ್ಷಗಳಿಂದ ಒಂದು ಹಳೆಯ ಕ್ಯಾಲೆಂಡರಿನ ಚಿತ್ರ ಹಿಡಿದುಕೊಂಡು ಮಕ್ಕಳಿಗೆ ಅಜಂತಾದ ಪಾಠ ಹೇಳುತ್ತ ಬಂದಿದ್ದ ಮಾಸ್ತರರಿಗೆ ಆ ಗವಿಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಎದೆಯಲ್ಲಿ ಕೂತುಬಿಟ್ಟಿತ್ತು.

ಜೂನ್ ತಿಂಗಳ ಮೊದಲನೆಯ ರವಿವಾರ ಸಂಜೆ ಆರಕ್ಕೆ ಗಡುವು. ಅದೇ ರವಿವಾರ ಬೆಳಗಿಗೆ ಮಾಸ್ತರರು ಕೊನೆಯ ಹಾಳೆ ತುಂಬಲು ಖಾನಾಪುರಕ್ಕೆ ಹೊರಟರು.

"ಖಾನಾಪುರಕ್ಕ ಹೋಗಿ ಬಂದ್ರ ಎರಡು ದಿನಾ ಸೊಂಟ ಹಿಡ್ಕೊಂಡು ಕುಂದರ್ತೀರಿ. ಅಜಂತಾದಿಂದ ನಿಮ್ಮನ್ನ ಯಾರು ಹೊತ್ಕೊಂಡು ಬರ್ತಾರ್ರೀ?" ಎನ್ನುತ್ತಲೇ ಕಾಂತಾ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೈಚೀಲದಲ್ಲಿಟ್ಟಳು.

ಖಾನಾಪುರದ ಒಂದು ಓಣಿಯಲ್ಲಿ ಮಾಸ್ತರರಿಗೆ ಬೇಕಾದ ಮನೆ ಸಿಕ್ಕಿತು. ಕೆಂಪು ಹಂಚಿನ ಉದ್ದಾನುದ್ದ ಹಳೆಯ ಮನೆ. ಎರಡು ಬಾಗಿಲು, ನಡುವೆ ಒಂದು ಕಲ್ಲಿನ ಕಟ್ಟೆ. ಬಲತುದಿಗೆ ಹಲಸಿನ ಗಿಡ. ನಟ್ಟನಡುವೆ ಹಂಚನ್ನೂ ಸೀಳಿಕೊಂಡು ಎದ್ದ ಸಿಮೆಂಟಿನ ಗೋಡೆಯೊಂದೇ ನೋಡಲು ಅಸಹ್ಯ. ಮಾಸ್ತರರು ಎದುರಿನ ಜಮಾಲಸಾಬನ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತು, ಪೆನ್ಸಿಲು ಹಿಡಿದ ಕೈ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಮನೆಯ ಎತ್ತರ ಅಗಲ ಅಂದಾಜು ಮಾಡತೊಡಗಿದರು.

ಪಂಕ್ಚರ್ ಹಚ್ಚುತ್ತಿದ್ದ ಜಮಾಲಸಾಬ ಕೆಲಸ ಬಿಟ್ಟು ನೋಡಿದ. "ಎಲ್ಲಿಂದ ಬಂದೀರಿ ಸಾಹೇಬ್ರ?"

"ಬೆಳಗಾವಿಯಿಂದ್ರೀ."

"ಮನಿ ಅಳ್ಯಾಕೇನ್ರೀ?"

ಮಾಸ್ತರರು ಹಂಚಿನ ಸಾಲು ಎಣಿಸುತ್ತಿದ್ದರು. ಲೆಕ್ಕ ತಪ್ಪೀತೆಂದು ಮಾತಾಡದೆ, ಸ್ವಲ್ಪ ತಡಿ ಎಂಬಂತೆ ಅಂಗೈ ಎತ್ತಿ ತೋರಿಸಿದರು. ಆ ಗತ್ತು ನೋಡಿ ಜಮಾಲಸಾಬನಿಗೆ ಯಾವ ಸಂಶಯವೂ ಉಳಿಯಲಿಲ್ಲ.

ಇಡೀ ಓಣಿಗೆ ಗೊತ್ತಿದ್ದು ಮಾಸ್ತರರಿಗೆ ಮಾತ್ರ ಗೊತ್ತಿಲ್ಲದ ಸಂಗತಿಯೊಂದಿತ್ತು. ಆ ಮನೆ ಅಣ್ಣ ದುಂಡಪ್ಪ, ತಮ್ಮ ಬಾಳಪ್ಪ ಇವರದು. ಅಪ್ಪ ತೀರಿದ ಮೇಲೆ ಸೌಟಿನಿಂದ ಹಿಡಿದು ಸಾಣಿಗೆಯವರೆಗೆ ಎಲ್ಲ ಪಾಲಾಗಿ, ಕಟ್ಟೆಯೊಂದೇ ಪಾಲಾಗದೆ ಉಳಿದಿತ್ತು. ಅದು ಯಾರದೆಂದು ಹನ್ನೊಂದು ವರ್ಷಗಳಿಂದ ಕೋರ್ಟಿನಲ್ಲಿ ಖಟ್ಲೆ. ಜಾಗ ನೋಡಿ ನಕ್ಷೆ ತೆಗೆದುಕೊಂಡು ಬರಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತ್ತು. ಅವರು ಇಂದೋ ನಾಳೆಯೋ ಬರುವವರಿದ್ದರು.

ಜಮಾಲಸಾಬ ಎರಡೂ ಮನೆಯ ಸೈಕಲ್ಲಿಗೆ ಗಾಳಿ ಹೊಡೆಯುವವನು, ಅವನಿಗೆ ಭೇದಭಾವ ಸಲ್ಲದು. ಕೈಯಲ್ಲಿ ಪಂಪು ಹಿಡಿದೇ ಓಡಿಹೋಗಿ ಎರಡೂ ಬಾಗಿಲಲ್ಲಿ ಸುದ್ದಿ ಮುಟ್ಟಿಸಿದ.

ಮೊದಲು ರುಮಾಲು ಸರಿಮಾಡಿಕೊಳ್ಳುತ್ತ ದುಂಡಪ್ಪ ಬಂದ. "ನಮಸ್ಕಾರ್ರೀ ಸಾಹೇಬ್ರ. ರವಿವಾರಾನೂ ಸೂಟಿ ತಗೊಳ್ಳದ ಬಂದೀರಿ. ಇಂಥಾವ್ರು ಈಗ ಎಲ್ಲಿ ಸಿಗ್ತಾರ್ರೀ!"

"ನಾ ಸಾಹೇಬ ಅಲ್ಲರೀ. ಚಿತ್ರಾ ತಗ್ಯಾಕ ಬಂದೀನಿ."

"ಗೊತ್ತದರೀ. ಚಿತ್ರಾ ತಗ್ಯಾಕ ಬರ್ತಾರಂತ ನಮ್ಮ ವಕೀಲರು ಹೇಳ್ಯಾರ."

"ಅಯ್ಯ, ನಾ ಸಾಲಿ ಮಾಸ್ತರರೀ!"

ದುಂಡಪ್ಪ ಕಣ್ಣು ಮಿಟುಕಿಸಿದ. "ಹಂಗ ಹೇಳಬೇಕರೀ. ಖರೇ ಹೇಳಿದ್ರ ಬಾಜೂದವ್ರು ಬಂದು ಕಾಡ್ತಾರ. ಏಳ್ರಿ, ಮೊದಲ ಊಟಾ ಆಗ್ಲಿ."

ಉಣ್ಣಲು ಕರೆದವರಿಗೆ ಒಲ್ಲೆ ಎನ್ನುವುದು ಮಾಸ್ತರರಿಂದ ಆಗದ ಕೆಲಸ. ದುಂಡಪ್ಪನ ಹೆಂಡತಿ ಕಾಶವ್ವ ಹೋಳಿಗೆ ಬಡಿಸಿದಳು, ತುಪ್ಪ ಸುರಿದಳು. "ಕಟ್ಟಿ ಮ್ಯಾಲ ಒಂದು ಕಣ್ಣಿರಲ್ರೀ" ಎಂದಳು. ಬಿದ್ದೇನೆಂದು ಎಚ್ಚರಿಸುತ್ತಿದ್ದಾಳೆ ಪಾಪ ಎಂದು ಮಾಸ್ತರರು ಹೊರಬರುವಾಗ ಕಟ್ಟೆಯನ್ನು ಜೋಪಾನವಾಗಿ ಸುತ್ತುಹಾಕಿ ನಡೆದರು. ಅಲ್ಲಿ ಬಾಳಪ್ಪ ಕಾದು ನಿಂತಿದ್ದ.

"ಅಣ್ಣನ ಮನ್ಯಾಗ ಉಂಡ್ರಿ. ನಮ್ಮ ಮನ್ಯಾಗ ಉಣಲಿಲ್ಲಂದ್ರ ನ್ಯಾಯ ಎಲ್ಲಿ ಉಳೀತ್ರೀ ಸಾಹೇಬ್ರ?"

ಬಾಳಪ್ಪನ ಹೆಂಡತಿ ಸಂಗವ್ವನ ಮನೆಯಲ್ಲೂ ಹೋಳಿಗೆ. ಮಾಸ್ತರರು ಉಸಿರು ಬಿಗಿಹಿಡಿದು ಅಲ್ಲೂ ಉಂಡರು. ಮರಳಿ ಬೆಂಚಿಗೆ ಬಂದು ಕೂತಾಗ ಹೊಟ್ಟೆಯೂ ತುಂಬಿತ್ತು, ಮನಸ್ಸೂ ತುಂಬಿತ್ತು. ಗುರುತಿಲ್ಲದ ಊರಿನಲ್ಲಿ, ಬರೇ ಒಂದು ಪೆನ್ಸಿಲು ಹಿಡಿದು ಬಂದವನನ್ನು ಹೀಗೆ ಎರಡೆರಡು ಸಲ ಕರೆದು ಉಣಿಸುವ ಜನ ಭೂಮಿಯ ಮೇಲೆ ಇನ್ನೂ ಇದ್ದಾರಲ್ಲ ಎಂದು ಅವರ ಕಣ್ಣು ಒದ್ದೆಯಾಯಿತು.

ಈ ಉಪಕಾರಕ್ಕೆ ತಕ್ಕಂತೆ ಚಿತ್ರ ಚಂದ ಬರಬೇಕೆಂದು ಮಾಸ್ತರರು ಪಣ ತೊಟ್ಟರು. ಆ ಹೊತ್ತಿಗೆ ಎಮ್ಮೆಯೊಂದು ಬಂದು ಕಟ್ಟೆಯ ಮುಂದೆ ಅಡ್ಡಲಾಗಿ ಮಲಗಿತ್ತು. ಅದು ಏಳುವ ಲಕ್ಷಣ ಕಾಣಲಿಲ್ಲ. ಕಟ್ಟೆಯ ಬದಲು ಎಮ್ಮೆಯನ್ನೇ ಬಿಡಿಸಿದರು. ಆ ಸಿಮೆಂಟಿನ ಗೋಡೆ ಮಾತ್ರ ಏನು ಮಾಡಿದರೂ ಕಣ್ಣಿಗೆ ಒಗ್ಗಲಿಲ್ಲ. ಚಿತ್ರ ತೆಗೆಯುವವರಿಗೆ ಇರುವ ಸಲಿಗೆಯಿಂದ ಹಲಸಿನ ಗಿಡವನ್ನು ನಾಲ್ಕು ಮಾರು ಎಡಕ್ಕೆ ಸರಿಸಿ, ಗೋಡೆ ಇದ್ದಲ್ಲಿ ತಂದು ನಿಲ್ಲಿಸಿದರು. ಮೂರು ಗಂಟೆಗೆ ಚಿತ್ರ ಮುಗಿಯಿತು. ತಾರೀಖು ಹಾಕಿ ಬರೆದರು: 'ಉಪಕಾರ: ದುಂಡಪ್ಪನವರು, ಬಾಳಪ್ಪನವರು, ಎರಡೂ ಮನೆಯ ಹೋಳಿಗೆ. ಬೆಂಚಿಗೆ ಜಮಾಲಸಾಬರು.' ಮೂರೂವರೆಯ ಬಸ್ಸು ಹಿಡಿದರೆ ಆರಕ್ಕೆ ಮುಂಚೆಯೇ ವಹಿ ಮಂಡಳಿಯಲ್ಲಿರುತ್ತದೆ.

ಹೆಗಲ ಮೇಲಿಂದ ಇಣುಕಿದ ಜಮಾಲಸಾಬ ಚೀರಿದ. "ಯಾ ಅಲ್ಲಾ! ಸಾಹೇಬ್ರು ಗಿಡಾ ಸರಸ್ಯಾರ!"

ಎರಡೂ ಬಾಗಿಲಿನಿಂದ ಜನ ಹೊರಬಿದ್ದರು. ಓಣಿಯ ಉಳಿದ ಬಾಗಿಲುಗಳೂ ತೆರೆದವು.

"ಗಿಡಾ ನಂದರೀ! ಅದನ್ನ ಒಯ್ದು ಅವನ ಬಾಗಲಕ್ಕ ಹಚ್ಚೀರಲ್ಲ!" ಎಂದು ದುಂಡಪ್ಪ ಕೂಗಿದ.

"ಕಟ್ಟಿ ಎಲ್ಲೈತ್ರೀ? ಕಟ್ಟಿ ಇರೂ ಜಾಗಾದಾಗ ಎಮ್ಮಿ ಐತಿ! ಹನ್ನೊಂದು ವರ್ಷ ನಾವು ಎಮ್ಮಿ ಸಲುವಾಗಿ ಕೋರ್ಟಿಗೆ ಅಡ್ಡಾಡೇವೇನು?" ಎಂದ ಬಾಳಪ್ಪ.

"ಆರು ಹೋಳಗಿ ಉಂಡು ಹಿಂಗ ಮಾಡೂದೇನ್ರೀ?" ಎಂದು ಕಾಶವ್ವ ಸೆರಗು ಬಿಗಿದಳು.

"ಅಲ್ಲಿ ಆರು! ನಮ್ಮಲ್ಲೆ ನಾಕೇ ಉಂಡ್ರು. ಆವಾಗೇ ನನಗ ಸಂಶೇ ಬಂತು" ಎಂದಳು ಸಂಗವ್ವ.

ಖಟ್ಲೆ, ಕಮಿಷನರು, ಕಟ್ಟೆ ಎಲ್ಲ ಮಾಸ್ತರರ ತಲೆಯೊಳಗೆ ಒಂದಕ್ಕೊಂದು ಹೊಂದಿಕೊಂಡದ್ದು ಆಗಲೇ. ಅಣ್ಣ ವಹಿಯ ಒಂದು ತುದಿ ಹಿಡಿದ, ತಮ್ಮ ಇನ್ನೊಂದು ತುದಿ ಹಿಡಿದ. "ಹರೀಬ್ಯಾಡ್ರೀ! ಹಾಳಿ ಹರದ್ರ ಅಜಂತಾ ಹೋತ್ರೀ!" ಎಂದು ಮಾಸ್ತರರು ಅಂಗಲಾಚಿದರು. ಅಜಂತಾ ಯಾರ ಮಗಳೋ ಓಣಿಯವರಿಗೆ ತಿಳಿಯಲಿಲ್ಲ.

"ಏನದು? ತರ್ರಿ ಇಲ್ಲೆ."

ಕೋಲೂರಿಕೊಂಡು ಬಂದವಳು ಅಣ್ಣತಮ್ಮಂದಿರ ತಾಯಿ ಬಸವಣ್ಣೆವ್ವ. ಖಟ್ಲೆ ಶುರುವಾದಾಗಿನಿಂದ ಒಂದು ತಿಂಗಳು ಈ ಬಾಗಿಲಲ್ಲಿ, ಒಂದು ತಿಂಗಳು ಆ ಬಾಗಿಲಲ್ಲಿ ಉಣ್ಣುತ್ತಿದ್ದವಳು. ವಹಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಗ್ವಾಡಿ ಇಲ್ಲ" ಎಂದಳು. ಮತ್ತೆ ನೋಡಿದಳು. "ನಿಮ್ಮಪ್ಪ ಇದ್ದಾಗಿನ ಮನಿ ಇದು. ಹಲಸಿನ ಗಿಡಾ ಇಲ್ಲೇ ಇತ್ತು. ಹೌದಲ್ಲೋ ದುಂಡ್ಯಾ? ಗ್ವಾಡಿ ಕಟ್ಟಾಕ ಅಂತ ಅದನ್ನ ಕಡದ್ರಿ. ಈಗಿಂದು ನೀ ಆಮ್ಯಾಲ ಹಚ್ಚಿದ್ದು. ಈ ಸಾಹೇಬ್ರಿಗೆ ಹೆಂಗ ಗೊತ್ತಾತೋ ನಮ್ಮಪ್ಪಾ, ಹಳೇ ಗಿಡಾ ಹಳೇ ಜಾಗಾದಾಗ ಹಚ್ಯಾರ."

ಬಾಳಪ್ಪ ವಹಿಯತ್ತ ಬಗ್ಗಿ ಮೆಲ್ಲಗೆ ಕೇಳಿದ. "ಎಮ್ಮಿ ಇತ್ತೇನವ್ವಾ?"

"ಎಮ್ಮೀನೂ ಇತ್ತು. ಅದರ ಹಾಲು ಕುಡದೇ ಇಬ್ಬರೂ ಬೆಳದ್ರಿ."

ದುಂಡಪ್ಪ ರುಮಾಲು ತೆಗೆದು ಕಣ್ಣೊರೆಸಿಕೊಂಡ. ಅದೇ ರುಮಾಲಿನ ಇನ್ನೊಂದು ತುದಿಯಿಂದ ಬಾಳಪ್ಪ ಒರೆಸಿಕೊಂಡ. ಹನ್ನೊಂದು ವರ್ಷದಲ್ಲಿ ಇಬ್ಬರೂ ಹಂಚಿಕೊಂಡ ಮೊದಲ ವಸ್ತು ಅದು.

"ಸಾಹೇಬ್ರ, ಇದನ್ನ ಕೋರ್ಟಿಗೆ ಒಯ್ಯಬ್ಯಾಡ್ರಿ, ಅವ್ವಗ ಕೊಡ್ರಿ" ಎಂದ ದುಂಡಪ್ಪ. "ಖಟ್ಲೆ ಮುಗೀತು. ನಾಳೆನೇ ಗ್ವಾಡಿ ಕೆಡವತೀವಿ."

"ನಾ ಖರೇನೇ ಸಾಹೇಬ ಅಲ್ಲರೀ. ಅನಗೋಳದ ಡ್ರಾಯಿಂಗ್ ಮಾಸ್ತರ."

"ಅದಕ್ಕೇ ಇಷ್ಟು ಚಂದ ತಗದೀರಿ" ಎಂದ ಬಾಳಪ್ಪ. "ಕಮಿಷನರು ಆಗಿದ್ರ ಬರೇ ಗೀಟು ಎಳದಿರ್ತಿದ್ರು."

ಮಾಸ್ತರರು ವಹಿಯನ್ನು ನೋಡಿದರು, ಮುದುಕಿಯನ್ನು ನೋಡಿದರು. ಅವಳ ಹೆಬ್ಬೆರಳು ಚಿತ್ರದ ಗಿಡವನ್ನು ಸವರುತ್ತಲೇ ಇತ್ತು. ಇಪ್ಪತ್ತು ವರ್ಷದಲ್ಲಿ ತಾವು ತೆಗೆದ ಚಿತ್ರವನ್ನು ಯಾರೂ ಇಷ್ಟು ಹೊತ್ತು ನೋಡಿರಲಿಲ್ಲ. ಈ ಉಪಕಾರವನ್ನು ಯಾವ ಹಾಳೆಯಲ್ಲಿ ಬರೆಯುವುದು? ಮಾಸ್ತರರು ಕೈಚೀಲದಿಂದ ಅಳತೆಪಟ್ಟಿ ತೆಗೆದು, ಅಂಚಿಗಿಟ್ಟು, ನೀಟಾಗಿ ಹಾಳೆ ಹರಿದುಕೊಟ್ಟರು.

ಅವರನ್ನು ಬಸ್ಸಿಗೆ ಮುಟ್ಟಿಸಲು ಇಡೀ ಓಣಿಯೇ ಬಂತು. ಹತ್ತು ಸೇರು ಸಣ್ಣಕ್ಕಿ, ಒಂದು ಮಣ್ಣಿನ ಗಡಿಗೆ, ಸರಿದ ಗಿಡದ್ದೇ ಒಂದು ಹಲಸಿನ ಹಣ್ಣು. ಜಮಾಲಸಾಬ ಬಸ್ಸಿನ ಮುಂದೆ ಸೈಕಲ್ಲು ಅಡ್ಡ ಹಾಕಿ, ಸಾಮಾನೆಲ್ಲ ಏರುವವರೆಗೆ ಡ್ರೈವರನನ್ನು ತಡೆದು ನಿಲ್ಲಿಸಿದ.

ಆರಕ್ಕೆ ಹತ್ತು ನಿಮಿಷವಿರುವಾಗ ಮಾಸ್ತರರು ಹಲಸಿನ ಹಣ್ಣಿನ ಸಮೇತ ಮಂಡಳಿಯ ಮೆಟ್ಟಿಲು ಹತ್ತಿದರು. ಅಲ್ಲಿದ್ದ ಹಿರಿಯರು ಹಾಳೆ ಎಣಿಸಿ ಕನ್ನಡಕದ ಮೇಲಿಂದ ನೋಡಿದರು. "ಕಡೀ ಹಾಳಿ ಹರದದಲ್ರೀ ಮಾಸ್ತರ?"

"ಹೌದ್ರೀ. ಅದೇ ಛಲೋ ಬಂದಿತ್ತರೀ."

ವಹಿ ಅವರ ಕೈಗೇ ವಾಪಸು ಬಂತು. ಮನೆಯಲ್ಲಿ ಕಾಂತಾ ಹಲಸಿನ ಹಣ್ಣನ್ನು ಸುತ್ತುಹಾಕಿ ನೋಡಿ, "ಇದು ಅಜಂತಾದ್ದೇನ್ರೀ?" ಎಂದಳು. ಎಲ್ಲ ಕೇಳಿದ ಮೇಲೆ ಅವರ ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟಳು.

ಮೂರು ತಿಂಗಳ ಮೇಲೆ ಖಾನಾಪುರದಿಂದ ಒಬ್ಬ ಮನುಷ್ಯ ಮಾಸ್ತರರ ಮನೆ ಹುಡುಕಿಕೊಂಡು ಬಂದ. ಗೋಡೆ ಕೆಡವಿದ ಸಂತೋಷಕ್ಕೆ ಅಣ್ಣತಮ್ಮಂದಿರು ಊಟಕ್ಕೆ ಹೇಳಿಕಳಿಸಿದ್ದಾರೆಂದು ಮಾಸ್ತರರು ಹಿಗ್ಗಿನಿಂದ ಕಾಗದ ಬಿಚ್ಚಿದರು. ಅದು ಕೋರ್ಟಿನ ಸಮನ್ಸು.

ಗೋಡೆ ಬಿದ್ದದ್ದು ನಿಜ. ಕಟ್ಟೆಯ ಖಟ್ಲೆ ರಾಜಿಯಾದದ್ದೂ ನಿಜ. ಅಣ್ಣತಮ್ಮಂದಿರು ಈಗ ಒಂದೇ ಕಟ್ಟೆಯ ಮೇಲೆ ಕೂತು ಹೊಸ ಜಗಳ ಆಡುತ್ತಿದ್ದರು. ಚಿತ್ರ ಯಾರ ಪಡಸಾಲೆಯಲ್ಲಿ ತೂಗಬೇಕು? 'ಉಪಕಾರ' ಎಂಬಲ್ಲಿ ತನ್ನ ಹೆಸರೇ ಮೊದಲಿರುವುದರಿಂದ ಚಿತ್ರ ತನಗೆ ಸಲ್ಲಬೇಕು ಎಂದು ದುಂಡಪ್ಪನ ವಾದ. ಗಿಡ ತನ್ನ ಬಾಗಿಲ ಕಡೆ ಬಂದಿರುವುದರಿಂದ ತನಗೆ ಎಂದು ಬಾಳಪ್ಪನದು. ಚಿತ್ರ ಬರೆದ ಗುರುಪುತ್ರಪ್ಪನವರು ಸಾಕ್ಷಿ ನಂಬರು ಒಂದು. ಪ್ರತಿ ತಾರೀಖಿಗೂ ಖಾನಾಪುರಕ್ಕೆ ಹಾಜರಾಗತಕ್ಕದ್ದು, ಹೋಗಿ ಬರುವ ಖರ್ಚು ಕೋರ್ಟಿನದು.

ಮೊದಲನೆಯ ತಾರೀಖಿಗೆ ಮಾಸ್ತರರು ಹೊಸ ವಹಿಯೊಂದನ್ನು ಕೊಂಡು ಒಯ್ದರು. ಕೋರ್ಟಿನ ಪಡಸಾಲೆಯಲ್ಲಿ ಅಣ್ಣತಮ್ಮಂದಿರು ಒಂದೇ ಬೆಂಚಿನ ಮೇಲೆ ಕೂತು, ಎರಡು ಡಬ್ಬಿ ಹಿಡಿದು ಅವರ ದಾರಿ ಕಾಯುತ್ತಿದ್ದರು. ಎರಡರಲ್ಲೂ ಹೋಳಿಗೆ. ಮಾಸ್ತರರು ಈ ಸಲ ಎಣಿಸಿ, ಅದರಲ್ಲಿ ಮೂರು, ಇದರಲ್ಲಿ ಮೂರು ಉಂಡರು. ಇಷ್ಟು ಪ್ರೀತಿಯಿಂದ ತಮ್ಮನ್ನು ಕಾಯುವವರು ಅಜಂತಾದಲ್ಲಿ ಯಾರಿದ್ದರು ಎನ್ನಿಸಿತು. ವಹಿಯ ಮೊದಲನೆಯ ಹಾಳೆಯಲ್ಲಿ ಆ ಬೆಂಚನ್ನೂ ಡಬ್ಬಿಗಳನ್ನೂ ಬಿಡಿಸಿ, ತಾರೀಖು ಹಾಕಿ, ಕೆಳಗೆ 'ಉಪಕಾರ' ಎಂದು ಬರೆದರು.

ಎಡಗಡೆಯ ಕಿವಿಗೆ ಬಾಳಪ್ಪನ ಉಸಿರು ತಾಗಿತು, ಬಲಗಡೆಯ ಕಿವಿಗೆ ದುಂಡಪ್ಪನದು. ಯಾರ ಹೆಸರು ಮೊದಲು ಬರುತ್ತದೋ ಎಂದು ಇಬ್ಬರೂ ಬಗ್ಗಿ ಪೆನ್ಸಿಲಿನ ಮೊನೆಯನ್ನೇ ನೋಡುತ್ತಿದ್ದರು.

ಮಾಸ್ತರರು ಪೆನ್ಸಿಲನ್ನು ಕಿಸೆಗೆ ಸೇರಿಸಿ ವಹಿ ಮುಚ್ಚಿದರು. ಮುಂದಿನ ತಾರೀಖು ಇನ್ನೊಂದು ತಿಂಗಳಿಗಿತ್ತು.