ಹೂಗ್ಯಂ ತಲುಪಿದ ಟಿಂಗ್

ನಾನು ಅನುಮಾನದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಬೇರೆ ಯಾರಿಂದಲೋ ಗೊತ್ತಾದರೆ, ಈತ ಇದನ್ನು ಯಾಕೆ ಮುಚ್ಚಿಟ್ಟ ಎಂದು ನಿಮಗೇ ನನ್ನ ಮೇಲೆ ಅನುಮಾನ ಬಂದೀತು. ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋದವನು ವಾಪಸ್ಸು ಬಂದು ಬೀಗ ಜಗ್ಗಿ ನೋಡುತ್ತೇನೆ. ಹಾಲಿನವನು ನಗುನಗುತ್ತಾ ಮಾತಾಡಿದ ದಿನ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು "ನೀವು ನಿದ್ದೆ ಮಾಡಿ ಸಾರ್, ಕೊಳ್ಳೇಗಾಲ ಬಂದಾಗ ನಾನು ಎಬ್ಬಿಸ್ತೀನಿ" ಎಂದರೆ ಇದ್ದ ನಿದ್ದೆಯೂ ಹಾರಿಹೋಗುತ್ತದೆ. ನನ್ನ ಹೆಂಡತಿ ಸುಮಿತ್ರಾ ನೆಂಟರ ಮುಂದೆಲ್ಲ ಹೇಳುವ ಒಂದು ಕಥೆಯಿದೆ: "ನಮ್ಮಪ್ಪ ಧಾರೆ ಎರೀತಿದ್ರೆ ಇವ್ರು ನೀರು ನಿಜವಾಗಿ ಬೀಳ್ತಿದೆಯಾ ಅಂತ ಬಗ್ಗಿ ನೋಡಿದ್ರು." ಕಥೆ ಸುಳ್ಳಲ್ಲ. ಆದರೆ ಅಷ್ಟು ಜನ ಸೇರಿದ್ದ ಕಡೆ ಯಾರಾದರೊಬ್ಬರು ನೋಡಬೇಕಿತ್ತಲ್ಲ.

ಇಂಥ ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಹಿಂದೆಲ್ಲ ವಿಶ್ವವಿದ್ಯಾಲಯದ ಪರೀಕ್ಷೆಯ ವಿಷಯವಾಗಲಿ, ನಾಳೆಯ ರಜೆಯಾಗಲಿ, ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಾಗುತ್ತಿದ್ದುದು ನೋಟೀಸ್ ಬೋರ್ಡಿನಿಂದ. ಅದಕ್ಕೊಂದು ಗಾಜಿನ ಬಾಗಿಲು, ಬಾಗಿಲಿಗೊಂದು ಬೀಗ. ಬೀಗದ ಕೈ ವರ್ಗವಾಗಿ ಹೋದ ಗುಮಾಸ್ತರೊಬ್ಬರ ಜೊತೆ ಹೋಗಿದ್ದರಿಂದ ಹೊಸ ನೋಟೀಸುಗಳನ್ನು ಗಾಜಿನ ಹೊರಗೇ ಅಂಟಿಸುತ್ತಿದ್ದೆವು. ಒಳಗೆ ಹಳೆಯ ನೋಟೀಸುಗಳ ನಡುವೆ ಒಂದು ಹಲ್ಲಿ ಸಂಸಾರ ಹೂಡಿತ್ತು. ಪರೀಕ್ಷೆ ತಪ್ಪಿಸಿಕೊಂಡವರನ್ನು ಕೇಳಿದರೆ "ನೋಟೀಸು ನೋಡ್ನಿಲ್ಲ ಸಾ" ಎನ್ನುತ್ತಿದ್ದರು. ನೋಡಿದರೋ ಇಲ್ಲವೋ ಸಾಕ್ಷಿ ಹೇಳಲು ಹಲ್ಲಿಯೊಂದೇ ಇತ್ತು.

ಹೀಗಿರುವಾಗ ನಮಗೂ ಒಂದು ಆ್ಯಪ್ ಬಂತು. ಇನ್ನು ಮುಂದೆ ಎಲ್ಲ ಸೂಚನೆಗಳೂ ವಿದ್ಯಾರ್ಥಿಗಳ ಮೊಬೈಲಿಗೇ ಟಿಂಗ್ ಎಂದು ಹೋಗಿ ಬೀಳುತ್ತವೆ, ಇದಕ್ಕೆ ಪುಶ್ ನೋಟಿಫಿಕೇಶನ್ ಎನ್ನುತ್ತಾರೆ ಎಂದು ಪ್ರಿನ್ಸಿಪಾಲರು ಸಭೆ ಕರೆದು ವಿವರಿಸಿದರು. ಕಳಿಸುವ ಜವಾಬ್ದಾರಿ ಯಾರಿಗೆ ಎನ್ನುವಾಗ ಎಲ್ಲರೂ ಚಹಾದ ಲೋಟದೊಳಗೆ ಏನೋ ಹುಡುಕತೊಡಗಿದರು. ಪ್ರಿನ್ಸಿಪಾಲರು ನನ್ನನ್ನು ನೋಡಿ, "ನೀವೇ ಸರಿ. ನೀವು ಯಾರನ್ನೂ ನಂಬಲ್ಲ" ಎಂದರು. ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ.

ಆ್ಯಪ್ ನನಗೆ ಹಿಡಿಸಿತು. ಯಾಕೆಂದರೆ ಅದೂ ನನ್ನ ಹಾಗೆಯೇ ಅನುಮಾನದ ಪ್ರಾಣಿ. ಸೂಚನೆ ಯಾರಿಗೆ ತಲುಪಿತು, ಯಾರು ತೆರೆದು ಓದಿದರು, ಎಷ್ಟು ಹೊತ್ತಿಗೆ ಓದಿದರು ಎಂಬುದನ್ನೆಲ್ಲ ಹೆಸರು ಹಿಡಿದು ಹೇಳುತ್ತದೆ. ನಾನು ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡುವ ಅಭ್ಯಾಸ ಮಾಡಿಕೊಂಡೆ. ನೋಡನೋಡುತ್ತಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮೊದಲ ಪಿರಿಯಡ್ಡಿಗೇ ಆಕಳಿಸುವ ನಮ್ಮ ಹುಡುಗರು ನನ್ನ ಸೂಚನೆಗಳನ್ನು ಕೋಳಿ ಕೂಗುವ ಹೊತ್ತಿಗೆಲ್ಲ ಎದ್ದು ಓದುತ್ತಿದ್ದರು. ಓದುತ್ತಿದ್ದರು ಎಂದು ಆ್ಯಪ್ ಹೇಳುತ್ತಿತ್ತು. ತರಗತಿಯಲ್ಲಿ ಕೇಳಿದರೆ ಯಾರಿಗೂ ಏನೂ ಗೊತ್ತಿರುತ್ತಿರಲಿಲ್ಲ.

ಹೊನ್ನೂರಿನ ಶಿವು ಎಂಬ ಹುಡುಗನನ್ನು ನಿಲ್ಲಿಸಿ ಕೇಳಿದೆ.

"ಕಿರುಪರೀಕ್ಷೆ ಸೋಮವಾರ ಅಂತ ಕಳಿಸಿದ್ದೆನಲ್ಲ, ನೋಡಿದೆಯಾ?"

"ಬರ್ನೇ ಇಲ್ಲ ಸಾ."

"ನೀನು ಓದಿದ್ದೀಯ ಅಂತ ಇಲ್ಲಿ ತೋರಿಸ್ತಿದೆ ಕಣಯ್ಯ."

"ಅದು ಸುಳ್ಳೇಳ್ತದೆ ಸಾ."

ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದದ್ದೇನು? ಶಿವುವಿಗೆ ಆಗಬೇಕಾದದ್ದು ಬಹಳ ಇತ್ತು. ಹಾಗಾಗಿ ನಾನು ಯಂತ್ರದ ಪಕ್ಷ ವಹಿಸಿದೆ. ಇವರೆಲ್ಲ ಸೇರಿ ನನ್ನನ್ನು ಆಟ ಆಡಿಸುತ್ತಿದ್ದಾರೆ, ಓದಿಯೂ ಓದಿಲ್ಲ ಎನ್ನುತ್ತಿದ್ದಾರೆ ಎಂದು ಖಾತ್ರಿಯಾಯಿತು. ಈ ವಿದ್ಯೆ ನನಗೆ ಹೊಸದೇನಲ್ಲ. ಸಂತೆಯಿಂದ ಸೊಪ್ಪು ತರಲು ಸುಮಿತ್ರಾ ಕಳಿಸಿದ ಮೆಸೇಜನ್ನು ಓದಿಯೂ ನೋಡಿಲ್ಲ ಎಂದು ನಾನು ಹೇಳಿದ್ದುಂಟು. "ನೀಲಿ ಗೀಟು ಬಿದ್ದಿದೆ" ಎಂದು ಅವಳು ಫೋನನ್ನು ಮೂಗಿನ ಹತ್ತಿರ ಹಿಡಿದಾಗ ಚೀಲ ಹಿಡಿದು ಮತ್ತೆ ಹೊರಟದ್ದೂ ಉಂಟು.

ಕಳ್ಳರನ್ನು ಹಿಡಿಯಲು ಒಂದು ರಾತ್ರಿ ಬಲೆ ಬೀಸಿದೆ. "ನಿಮಗೆ ಹಾಜರಾತಿ ಕೊರತೆಯಿದೆ. ಹೀಗಾದರೆ ಪರೀಕ್ಷೆಗೆ ಕೂರಿಸಲಾಗುವುದಿಲ್ಲ. ಕೂಡಲೇ ಇತಿಹಾಸ ವಿಭಾಗದಲ್ಲಿ ನನ್ನನ್ನು ಕಾಣತಕ್ಕದ್ದು" ಎಂದು ಬರೆದು, 'ಎಲ್ಲರಿಗೂ' ಎಂಬಲ್ಲಿ ಒತ್ತಿದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ತರಗತಿಗೆ ಚಕ್ಕರ್ ಹೊಡೆದವನು ಗೋಗರೆಯಲು ಬರುತ್ತಾನೆ, ದಿನಾ ಬರುವವನು ಜಗಳಕ್ಕೆ ಬರುತ್ತಾನೆ. ಹೇಗೆ ಬಂದರೂ ಓದಿದ್ದಾನೆ ಎಂದಾಯಿತು. ಅಂಥದೊಂದು ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡು, ಬೆಳಿಗ್ಗೆ ವಿಭಾಗದಲ್ಲಿ ಬಾಗಿಲಿಗೆ ಮುಖ ಮಾಡಿ ಕುಳಿತೆ. ಸಂಜೆಯವರೆಗೂ ಒಂದು ನರಪಿಳ್ಳೆಯೂ ಬರಲಿಲ್ಲ.

ಮರುದಿನ ತರಗತಿಗೆ ಹೋದರೆ ಶಿವುವಿನ ಮುಖ ಊದಿಕೊಂಡಿತ್ತು.

"ಯಾಕ್ ಸಾ ಅಂಗೆ ಕಳ್ಸುದ್ರಿ? ನಮ್ಮವ್ವ ರಾತ್ರಿ ಮುದ್ದೆ ಇಕ್ಕುದ್ಲು, ಸಾರು ಉಯ್ನಿಲ್ಲ. ಕಾಲೇಜ್ಗೆ ಓಗ್ದೇ ಇರೋನ್ಗೆ ಸಾರ್ ಬ್ಯಾರೆ ಕೇಡು ಅಂದ್ಲು."

"ನಿಮ್ಮವ್ವನಿಗೆ ಹೇಗೆ ಗೊತ್ತಾಯ್ತು?"

"ಫೋನು ಅವ್ಳತ್ರಾನೇ ಅಲ್ವಾ ಸಾ ಇರದು? ಕೆಂಪು ಚುಕ್ಕೆ ಬಿಟ್ರೆ ಫೋನು ಕೆಟ್ಟೋಯ್ತದೆ ಅಂತ ಬೆಳಿಗ್ಗೆ ಎದ್ದೇಟ್ಗೆ ಎಲ್ಲಾನೂ ಒತ್ತಿ ಒತ್ತಿ ತಗೀತಾಳೆ."

ಮನೆಗೊಂದೇ ಫೋನು. ಬೆಳಿಗ್ಗೆ ಅದು ಹಾಲಿನ ಡೈರಿಗೆ ಹೋಗುತ್ತದೆ, ಆಮೇಲೆ ಕಬ್ಬಿನ ಗದ್ದೆಗೆ ಹೋಗುತ್ತದೆ. ಮಗ ಮಾತ್ರ ಕಾಲೇಜಿಗೆ ಬರುತ್ತಾನೆ. ಇಷ್ಟು ದಿನ ನಾನು ವಿದ್ಯಾರ್ಥಿಗಳಿಗೆ ಎಂದುಕೊಂಡು ಕಿರುಪರೀಕ್ಷೆಯ ದಿನಾಂಕಗಳನ್ನು ಯಳಂದೂರು, ಹನೂರು ಸೀಮೆಯ ಅಪ್ಪ ಅವ್ವಂದಿರಿಗೆ ಕಳಿಸುತ್ತಿದ್ದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಗಬೇಕೆಂದಿದ್ದೆ, ಅಷ್ಟರಲ್ಲಿ ಮೊದಲ ಬೆಂಚಿನ ತುದಿ ಖಾಲಿ ಇರುವುದು ಕಂಡಿತು.

ಅದು ಪವಿತ್ರಾಳ ಜಾಗ. ಹೂಗ್ಯಂ ಎಂಬುದು ಹನೂರಿನಿಂದಲೂ ಆಚೆ, ಕಾಡಂಚಿನ ಊರು. ಅಲ್ಲಿಂದ ಮೊದಲ ಬಸ್ಸು ಹಿಡಿದು, ಹನೂರಿನಲ್ಲಿ ಬಸ್ಸು ಬದಲಿಸಿ, ನನಗಿಂತ ಮೊದಲೇ ಬಂದು ಕೂರುವ ಹುಡುಗಿ. ಅವಳ ಗೆಳತಿ ಮಾಂಬಳ್ಳಿಯ ರಂಜಿತಾ ಎದ್ದು ನಿಂತಳು.

"ಅವ್ಳು ಇನ್ನು ಬರಲ್ವಂತೆ ಸಾರ್. ಪಕ್ಕದ ಮನೆಯೋರ ಫೋನು ಈಸ್ಕಂಡು ಊರಾಚೆಯಿಂದ ಮಾಡಿದ್ಲು, ಬರೀ ಅಳ್ತಿದ್ಲು. ದಿನಾ ಕತ್ಲಲ್ಲೇ ಎದ್ದು ಬಸ್ ಅತ್ತಿ ಓಗ್ತೀಯಲ್ಲ, ಕಾಲೇಜ್ಗೆ ಓಗ್ದೆ ಇನ್ನೆಲ್ಲಿಗೆ ಓಯ್ತಿದ್ದೆ ಅಂತ ಅವ್ರಪ್ಪ ಕೇಳುದ್ರಂತೆ."

"ಅವಳ ನಂಬರಿಗಲ್ಲವಾ ನಾನು ಕಳಿಸಿದ್ದು?"

"ಅಡ್ಮಿಷನ್ನಲ್ಲಿ ನಾವೆಲ್ಲ ಅಪ್ಪಂದೇ ನಂಬರ್ ಕೊಟ್ಟಿರೋದು ಸಾರ್. ಎಣ್ಮಕ್ಳ ನಂಬರ್ನ ಯಾರಾದ್ರೂ ಆಫೀಸಲ್ಲಿ ಬರ್ಸ್ತಾರಾ?"

ಪವಿತ್ರಾಳದು ಕೊನೆಯ ವರ್ಷ. ಸೋಮವಾರದ ಕಿರುಪರೀಕ್ಷೆ ತಪ್ಪಿದರೆ ಅಂಕ ಹೋಗುತ್ತದೆ ಎನ್ನುವುದು ಸಣ್ಣ ಮಾತು. ಅಂಥ ಊರಿನಿಂದ ಅಷ್ಟು ದೂರ ಓದಲು ಬರುವ ಹುಡುಗಿ ಮನೆಯಲ್ಲಿ ನಂಬಿಕೆ ಕಳೆದುಕೊಂಡರೆ ಮತ್ತೆ ಹೊಸ್ತಿಲು ದಾಟುವುದು ಕಷ್ಟ. ಕೂಡಲೇ "ಹಿಂದಿನ ಸೂಚನೆ ತಪ್ಪಾಗಿ ಬಂದಿದೆ" ಎಂದು ಕಳಿಸಿದೆ. ಎಲ್ಲರಿಗೂ ತಲುಪಿತು, ಪವಿತ್ರಾಳ ಹೆಸರಿನ ಮುಂದೆ ಮಾತ್ರ 'ತಲುಪಿಲ್ಲ' ಎಂದು ತೋರಿಸಿತು. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ಹೇಳಿದಳು. ಅವಳು ಹೇಳಿದ್ದು ನಿಜವೋ ಏನೋ ಎಂದು ಮತ್ತೂ ಮಾಡಿದೆ. ಮರುದಿನ ರಜೆ ಹಾಕಿ ಹನೂರಿನ ಬಸ್ಸು ಹತ್ತಿದೆ.

ಹೂಗ್ಯಂನಲ್ಲಿ ಪವಿತ್ರಾಳ ಅಪ್ಪ ಮಾದಪ್ಪನವರು ಜಗಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ನಾನು ಕಾಲೇಜಿನ ಮೇಷ್ಟ್ರು ಎಂದೆ. ಅವರು ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹಾಲಿನವನನ್ನು ನಾನು ನೋಡುವುದು ಹಾಗೆಯೇ.

"ಮೇಷ್ಟ್ರಾದ್ರೆ ಇವತ್ತು ಪಾಠ ಇಲ್ವಾ ನಿಮ್ಗೆ?"

"ರಜೆ ಹಾಕಿ ಬಂದೆ."

"ರಜ ಆಕಂಡು ಇಷ್ಟು ದೂರ ಯಾವ ಮೇಷ್ಟ್ರು ಬತ್ತಾರೆ?"

ನಾನು ಗುರುತಿನ ಚೀಟಿ ತೋರಿಸಿದೆ. ಅದರಲ್ಲಿರುವುದು ನನಗೆ ತಲೆತುಂಬ ಕೂದಲಿದ್ದ ಕಾಲದ ಫೋಟೋ. ಮಾದಪ್ಪನವರು ಚೀಟಿಯನ್ನೂ ನನ್ನ ನೆತ್ತಿಯನ್ನೂ ಬದಲಿಸಿ ಬದಲಿಸಿ ನೋಡಿ, "ಇವ್ರು ಯಾರೋ ಬ್ಯಾರೆಯವ್ರು ಕಣ್ರಿ" ಎಂದು ವಾಪಸ್ಸು ಕೊಟ್ಟರು. ಒಳಗಿನಿಂದ ಪವಿತ್ರಾ ಓಡಿಬಂದು "ಅಪ್ಪ, ಇವ್ರೇ ನಮ್ಮ ಇಸ್ಟ್ರಿ ಸಾರು" ಎಂದಳು. "ನೀ ಸುಮ್ಕಿರವ್ವ, ನೀ ಯೋಳುದ್ರೆ ನಂಬಂಗಿದ್ದಿದ್ರೆ ಇವ್ರ್ಯಾಕೆ ಬರ್ಬೇಕಿತ್ತು" ಎಂದರು ಮಾದಪ್ಪ. ಅವಳ ಕಣ್ಣುಗಳು ಅತ್ತು ಅತ್ತು ಕೆಂಪಗಾಗಿದ್ದವು. ನನಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

ಕೊನೆಗೆ ನಾನೇ ಒಂದು ದಾರಿ ಸೂಚಿಸಿದೆ. ಫೋನಿಗೆ ಸಿಗ್ನಲ್ ಸಿಗುವ ಜಾಗ ಯಾವುದು ಎಂದು ಕೇಳಿದೆ. ಊರಾಚೆ ದಿಬ್ಬದ ಮೇಲೆ ಹುಣಸೆಮರದ ಕೆಳಗೆ ಎಂದರು. ಮೂವರೂ ನಡೆದೆವು. ಮರದ ಕೆಳಗೆ ನಿಂತದ್ದೇ ತಡ, ಮಾದಪ್ಪನವರ ಜೇಬಿನಿಂದ ಟಿಂಗ್ ಟಿಂಗ್ ಎಂದು ಬಾಕಿ ಉಳಿದಿದ್ದ ನನ್ನ ಸೂಚನೆಗಳೆಲ್ಲ ಒಟ್ಟಿಗೇ ಬಿದ್ದವು. ನಾನು ನನ್ನ ಫೋನ್ ತೆಗೆದು ಅವರ ಎದುರಿಗೇ ಬರೆದೆ: "ಪವಿತ್ರಾ ದಿನವೂ ಕಾಲೇಜಿಗೆ ಬರುತ್ತಾಳೆ. ಹಾಜರಾತಿ ಪೂರ್ತಿ ಇದೆ." ಒತ್ತಿದೆ. ಅವರ ಕೈಯಲ್ಲಿ ಟಿಂಗ್ ಎಂದಿತು. ಅವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ಮಗಳ ಮುಖ ನೋಡದೆ ನನ್ನ ಮುಖ ನೋಡಿದರು.

"ಅಂಗಾರೆ ಇವ್ನೆಲ್ಲ ಕಳ್ಸೋರು ನೀವೇಯ."

"ಹೌದು."

"ಬರೋ ಮಗೀಗೂ ಬರ್ದೇ ಇರೋರ್ಗೂ ಒಂದೇ ಮಾತು ಯಾಕ್ ಕಳ್ಸುದ್ರಿ ಸಾ?"

"ಯಾರು ಓದ್ತಾರೆ, ಯಾರು ಓದಲ್ಲ ಅಂತ ನೋಡಬೇಕಿತ್ತು."

ಮಾದಪ್ಪನವರು ಕನ್ನಡಕ ತೆಗೆದು ಜೇಬಿಗಿಟ್ಟರು. "ನಾನು ಓದ್ತಿದ್ದೆ ಸಾ. ದಿನಾ ಇವ್ಳ ಬಸ್ಸು ಅತ್ಸಿ, ಇಲ್ಲಿಗ್ ಬಂದು ನಿಂತ್ಕಂಡು ಓದ್ತಿದ್ದೆ. ನೀವು ಕಳ್ಸಿದ್ದು ಒಂದ್ನೂ ಬಿಟ್ಟಿಲ್ಲ. ಅದ್ಕೇ ಅದ್ನೂ ನಂಬ್ದೆ" ಎಂದರು.

ನನ್ನ ಸೂಚನೆಗಳನ್ನು ಯಾರೂ ಓದುತ್ತಿಲ್ಲ ಎಂದು ಗೊಣಗುತ್ತಿದ್ದವನಿಗೆ, ಅಕ್ಷರ ಬಿಡದೆ ಓದಿ ನಂಬುವ ಒಬ್ಬರು ಸಿಕ್ಕಿದ್ದರು. ನಾನು ಅವರಿಗೆ ಕಳಿಸಿದ್ದು ಸುಳ್ಳು. ತಪ್ಪಾಯಿತು ಎಂದೆ. ಅವರು ಆಗಲಿ ಎನ್ನಲಿಲ್ಲ. ಒಂದು ಷರತ್ತು ಹಾಕಿದರು: ಇವಳನ್ನು ಕಳಿಸುತ್ತೇನೆ, ಆದರೆ ಇವಳು ಬಂದಳು ಎಂದು ದಿನವೂ ನನಗೆ ಒಂದು ಟಿಂಗ್ ಬರಬೇಕು, ಅದೂ ನಿಮ್ಮ ಕೈಯಿಂದ. ಒಪ್ಪಿಕೊಂಡು ನನ್ನ ನಂಬರನ್ನೂ ಕೊಟ್ಟೆ. ಪವಿತ್ರಾ ಸೋಮವಾರ ಮೊದಲ ಬೆಂಚಿನಲ್ಲಿ ಕುಳಿತು ಕಿರುಪರೀಕ್ಷೆ ಬರೆದಳು. ನಾನು ಅಂದಿನಿಂದ ದಿನವೂ ಮೊದಲ ಪಿರಿಯಡ್ ಮುಗಿಸಿ "ಪವಿತ್ರಾ ಬಂದಿದ್ದಾಳೆ" ಎಂದು ಬರೆದು, 'ಎಲ್ಲರಿಗೂ' ಎಂಬುದರ ಮೇಲೆ ಬೆರಳು ಬಿದ್ದಿಲ್ಲ ತಾನೇ ಎಂದು ಮತ್ತೆ ಮತ್ತೆ ನೋಡಿ ಒತ್ತುತ್ತೇನೆ. ಸ್ವಲ್ಪ ಹೊತ್ತಿಗೆ 'ಓದಲಾಗಿದೆ' ಎಂದು ಬರುತ್ತದೆ. ಅದು ಬರುವವರೆಗೆ ನನಗೆ ಚಹಾ ಸೇರುವುದಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆಗೆ ಚೆನ್ನಾಗಿತ್ತು. ಕಳೆದ ವಾರ ಯಳಂದೂರಿನಲ್ಲಿ ಸುಮಿತ್ರಾಳ ಚಿಕ್ಕಮ್ಮನ ಮಗನ ಮದುವೆ. ರಜೆ ಕೇಳಿದರೆ ಪ್ರಿನ್ಸಿಪಾಲರು ನೂರು ಪ್ರಶ್ನೆ ಕೇಳುತ್ತಾರೆಂದು ಜ್ವರ ಎಂದು ಹೇಳಿ ಹೋಗಿದ್ದೆ. ಮುಹೂರ್ತ ಮುಗಿದು ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಿದ್ದಾಗ ಫೋನ್ ಬಂತು. ಮಾದಪ್ಪನವರು.

"ಸಾ, ಇವತ್ತು ನಿಮ್ಮ ಟಿಂಗ್ ಬರ್ನಿಲ್ಲ."

"ಪವಿತ್ರಾ ಬಂದಿರ್ತಾಳೆ ಬಿಡಿ, ಅವಳು ತಪ್ಪಿಸೋಳಲ್ಲ."

"ಅವ್ಳು ಬಂದವ್ಳೆ, ನಂಗೊತ್ತು. ಅವ್ಳ ಮ್ಯಾಲೆ ನಂಗ್ಯಾವ ಅನುಮಾನಾನೂ ಇಲ್ಲ. ನೀವು ಬಂದಿದ್ದೀರಾ ಅಂತ ಕೇಳುವಾ ಅಂತ ಮಾಡ್ದೆ."

"ನನಗೆ ಸ್ವಲ್ಪ ಜ್ವರ ಮಾದಪ್ಪ, ಮನೆಯಲ್ಲೇ ಮಲಗಿದ್ದೀನಿ."

ಮಾದಪ್ಪನವರು ಹುಣಸೆಮರದ ಕೆಳಗೆ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದಿರಬೇಕು.

"ಜ್ವರ ಬಂದೋರ ಮನೇಲಿ ಓಲಗ ಊದ್ತಾರಾ ಸಾ?"

ಪಕ್ಕದಲ್ಲಿದ್ದ ಸುಮಿತ್ರಾ ಹೋಳಿಗೆ ಬಾಯಿಗಿಡುವುದನ್ನು ಬಿಟ್ಟು ನಗತೊಡಗಿದಳು. ನಾನು ಏನು ಹೇಳಿ ಫೋನ್ ಇಟ್ಟೆನೋ ನೆನಪಿಲ್ಲ. ಮರುದಿನ ಮೊದಲ ಪಿರಿಯಡ್ ಮುಗಿಸಿ ಬಂದು "ಪವಿತ್ರಾ ಬಂದಿದ್ದಾಳೆ" ಎಂದು ಬರೆದೆ. ಒತ್ತಲು ಹೋದವನು ತಡೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ನಾನೂ ಬಂದಿದ್ದೇನೆ."