ಕರಟದ ಟೋಪಿ, ಪಕ್ಕದ ಮನೆಯ ಬೀಗ

ಹಾಕಿದೆನೋ ಇಲ್ಲವೋ? ಬೀಗದ ಕೈ ತಿರುಗಿದ ಸದ್ದು ಕಿವಿಯಲ್ಲಿತ್ತು. ಆದರೆ ಅದು ಇವತ್ತಿನ ಸದ್ದೋ, ನಿನ್ನೆಯದೋ? ಸದ್ದಿಗೆ ತಾರೀಖು ಎಲ್ಲಿರುತ್ತದೆ?

ಅಕ್ಕನ ಮನೆಯ ಗೇಟಿನವರೆಗೆ ಬಂದಿದ್ದ ಇಂದುಧರ ವಾಪಸು ಹೋಗಿ ತನ್ನ ಮನೆಯ ಬೀಗವನ್ನು ಎಳೆದು ನೋಡಿದ. ಹಾಕಿತ್ತು. ಮತ್ತೆ ಗೇಟಿಗೆ ಬಂದ. ಈಗ ಎಳೆದದ್ದು ನಿಜವೇ, ಎಳೆದೆನೆಂದು ಅಂದುಕೊಂಡದ್ದೇ? ಎರಡು ಮನೆಗಳ ನಡುವೆ ಇದ್ದದ್ದು ಒಂದು ಮೋಟುಗೋಡೆ, ಒಂದು ನುಗ್ಗೆಮರ. ಅಷ್ಟು ದೂರ ದಾಟಲು ಅವನಿಗೆ ಕೆಲವು ದಿನ ಅರ್ಧ ಗಂಟೆ ಹಿಡಿಯುತ್ತಿತ್ತು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದ ಒಂಟಿ ಮನುಷ್ಯ, ಯಾವ ಅವಸರ?

ಆದರೆ ಅವನನ್ನು ಕೊರೆಯುತ್ತಿದ್ದದ್ದು ಬೀಗವೊಂದೇ ಅಲ್ಲ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ ಸರ್ವಮಂಗಳಮ್ಮ. ಹೋದ ಭಾನುವಾರ ಅದೇ ಅಕ್ಕ ಅವನ ಕೈಗೆ ಕಾಫಿ ಕೊಟ್ಟು, ಬಹಳ ಮರ್ಯಾದೆಯಿಂದ, "ತಮ್ಮದು ಯಾವೂರಾಯ್ತು?" ಎಂದು ಕೇಳಿದ್ದಳು. ಅವನು "ಇಲ್ಲೇ ಪಕ್ಕ" ಎಂದು ಹೇಳಿ, ಕಾಫಿ ಕುಡಿದು ಎದ್ದು ಬಂದಿದ್ದ. ಭಾವನಿಗೆ ತಿಳಿಸಿರಲಿಲ್ಲ.

ಭಾವ ಪಂಚಾಕ್ಷರಯ್ಯನವರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ನಿವೃತ್ತಿಯಾದ ಮೇಲೆ ಯಂತ್ರ ಕಂಡುಹಿಡಿಯುವುದೇ ಅವರ ಕೆಲಸ. ತೆಂಗಿನಕಾಯಿ ಸುಲಿಯುವ ಅವರ ಯಂತ್ರ ಮೊದಲ ದಿನವೇ ಅವರ ಮೀಸೆಯ ಎಡಭಾಗವನ್ನು ಸುಲಿದಿತ್ತು. ಬಲಭಾಗವನ್ನು ತಾವೇ ಬೋಳಿಸಿಕೊಂಡು, ತಿಪಟೂರಿನ ಸೆಕೆಗೆ ಮೀಸೆ ಒಗ್ಗುವುದಿಲ್ಲ ಎಂದು ಬೀದಿಗೆಲ್ಲ ಸಾರಿದ್ದರು.

ಈಗ ನಡುಮನೆಯ ಮೇಜಿನ ಮೇಲೆ ಎರಡು ಟೋಪಿಗಳಿದ್ದವು. ಕೊಬ್ಬರಿ ತೆಗೆದ ಕರಟಗಳನ್ನು ಪೋಣಿಸಿ, ಕರಟಕ್ಕೊಂದರಂತೆ ತಂತಿ ಎಳೆದು ಮಾಡಿದ ಟೋಪಿಗಳು. ಗೋಡೆಯ ಮೇಲೆ ಚಿತ್ರ ಮೂಡಲೆಂದು ಬಿಳಿ ಪಂಚೆ ಕಟ್ಟಿತ್ತು. ಅಕ್ಕನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದು ಬಂದಂದಿನಿಂದ ಭಾವನಿಗೆ ಇದೇ ಗೀಳು. ಅಲ್ಲಿ ಅವಳನ್ನು ಕೊಳವೆಯೊಂದರಲ್ಲಿ ಮಲಗಿಸಿ, ಮಿದುಳಿನ ಯಾವ ಭಾಗ ಯಾವುದರ ಜೊತೆ ಮಾತಾಡುತ್ತಿದೆ, ಎಲ್ಲಿ ಮಾತು ಕಡಿಮೆಯಾಗಿದೆ ಎಂದು ಬಣ್ಣದ ಚಿತ್ರ ತೆಗೆದಿದ್ದರು. ರಿಪೇರಿ ಯಾವಾಗ ಎಂದು ಭಾವ ಕೇಳಿದ್ದಕ್ಕೆ ಡಾಕ್ಟರು, ಸದ್ಯಕ್ಕೆ ನೋಡುವುದಷ್ಟೇ, ಎಂದಿದ್ದರಂತೆ.

"ಲೈನ್ ಸತ್ತಿದೆ ಅಂತ ಗೊತ್ತಾದ್ಮೇಲೂ ನೋಡ್ತಾ ಕೂರೋನು ಎಂಥಾ ಲೈನ್‌ಮನ್ನಯ್ಯ?" ಎಂದರು ಭಾವ. "ತಲೆ ಅಂದ್ರೆ ಎಕ್ಸ್‌ಚೇಂಜು. ಮುಖ ಒಂದು ಕೇರೀಲಿ, ಹೆಸರು ಇನ್ನೊಂದು ಕೇರೀಲಿ. ನಡುವೆ ತಂತಿ. ಅಷ್ಟೇ."

ಅಕ್ಕನ ಚಿತ್ರದ ಜೊತೆ ಹೋಲಿಸಲು ಆರೋಗ್ಯವಾಗಿರುವ ತಲೆಯೊಂದು ಬೇಕಿತ್ತು. ಆ ತಲೆಯವನು ಏನನ್ನೂ ಮಾಡದೆ ಕೂರಬೇಕು. ಮನುಷ್ಯ ಸುಮ್ಮನಿದ್ದಾಗಲೇ ಮಿದುಳಿನ ಕೇರಿಗಳು ಹರಟೆಗೆ ಕೂರುತ್ತವಂತೆ.

"ಸುಮ್ಮನೆ ಕೂರೋದ್ರಲ್ಲಿ ನಿನ್ನ ಮೀರಿಸೋರು ತಾಲ್ಲೂಕಲ್ಲೇ ಇಲ್ಲ. ಹಾಕ್ಕೋ ಟೋಪಿ."

ತನ್ನ ತಲೆಯೂ ಕೆಟ್ಟಿದೆಯೆಂದು ಪಂಚೆಯ ಮೇಲೆ ಬಹಿರಂಗವಾದರೆ? ಇಂದುಧರ ಉಸಿರು ಬಿಗಿಹಿಡಿದು ಕೂತ. ಪಂಚೆಯ ಮೇಲೆ ಎಳೆರಂಗೋಲಿಯಂಥ ಬೆಳಕು ಮೂಡಿತು. ಅಚ್ಚುಕಟ್ಟಾಗಿಯೇ ಇತ್ತು. ಒಂದು ಗೆರೆ ಮಾತ್ರ ವಿಪರೀತ ದಪ್ಪಗಿದ್ದು, ಹೋದ ದಾರಿಯಲ್ಲೇ ಸುತ್ತಿ ಸುತ್ತಿ ಬರುತ್ತಿತ್ತು. ಇದೇನು ಹೈವೇ ಎಂದು ಭಾವ ಕೇಳಿದರು. ಅದು ಬೀಗ ಎಂದು ಇಂದುಧರನಿಗೆ ಗೊತ್ತಿತ್ತು. ಗೊತ್ತಿಲ್ಲ ಎಂದ.

ಆಮೇಲೆ ಅಕ್ಕನ ಸರದಿ. ಅವಳ ರಂಗೋಲಿಯ ಮೇಲೆ ಕೋಳಿ ಓಡಾಡಿದಂತಿತ್ತು. ಮುಖದ ಕೇರಿಯಿಂದ ಹೆಸರಿನ ಕೇರಿಗೆ ಹೋಗುವ ಗೆರೆ ದಾರಿಯಲ್ಲೇ ಆರಿಹೋಗಿತ್ತು.

ಭಾವ ತುಂಬ ಹೊತ್ತು ಅದನ್ನೇ ನೋಡಿದರು. ಮಳೆಗಾಲದಲ್ಲಿ ಒಂದು ಮನೆಯ ಫೋನು ಸತ್ತರೆ ಪಕ್ಕದ ಮನೆಯ ತಂತಿಯಿಂದ ಟೆಂಪರರಿ ಲೈನು ಎಳೆದುಕೊಡುವುದು ಅವರ ಮೂವತ್ತು ವರ್ಷದ ಅಭ್ಯಾಸ. ನೋಡುವುದು ಬೇರೆ, ರಿಪೇರಿ ಬೇರೆ ಎಂದು ಇಂದುಧರ ಬಾಯಿ ತೆರೆಯುವಷ್ಟರಲ್ಲಿ ಅವನ ಟೋಪಿಯ ತಂತಿ ಅಕ್ಕನ ಟೋಪಿಗೆ ಸೇರಿಯಾಗಿತ್ತು.

ಅಕ್ಕ ಕಣ್ಣು ಮಿಟುಕಿಸಿ ಗಂಡನನ್ನು ನೋಡಿದಳು. "ಭಾವ, ಕಾಫಿ ಆಯ್ತಾ?"

ಗುರುತು ಸಿಕ್ಕಿತೆಂದು ಪಂಚಾಕ್ಷರಯ್ಯನವರು ಕುಣಿದರು. ಹೆಂಡತಿ ತಮ್ಮನ್ನು ಭಾವ ಎಂದಳೆಂಬುದು ಹೊಳೆದಾಗ ಒಂದು ಕಾಲು ಇನ್ನೂ ಮೇಲೇ ಇತ್ತು. ಅಷ್ಟರಲ್ಲಿ ಅಕ್ಕ ಇಂದುಧರನ ಕಡೆ ಬೆರಳು ತೋರಿಸಿ, ತೃಪ್ತಿಯಿಂದ, "ಇದು ನಾನು" ಎಂದಳು.

ಹೆಸರುಗಳೆಲ್ಲ ತಮ್ಮನ ತಲೆಯಿಂದಲೇ ಹರಿದು ಬರುತ್ತಿದ್ದವು. ಹೆಸರಿನ ಹಿಂದೆಯೇ, ಅವನು ಯಾರ ಹತ್ತಿರವೂ ಆಡದ ಮಾತುಗಳೂ. ಅಕ್ಕ ಗೋಡೆಯ ಕನ್ನಡಿಯ ಮುಂದೆ ನಿಂತು ತನ್ನನ್ನೇ ನೋಡಿಕೊಂಡಳು.

"ಅಕ್ಕ ಯಾಕೋ ಸೊರಗಿದ್ದಾಳೆ. ಭಾನುವಾರ ನನ್ನ ಗುರುತೇ ಸಿಗಲಿಲ್ಲ ಅವಳಿಗೆ. ಭಾವನಿಗೆ ಹೇಳಬಾರದು."

ಭಾವ ಇಕ್ಕಳವನ್ನು ಕೈಯಿಂದ ಕೈಗೆ ಬದಲಾಯಿಸಿದರು.

"ಸೋಮವಾರ ನನ್ನನ್ನೂ ಕೇಳಿದ್ಲು. ಬಾಡಿಗೆಗೆ ಬಂದೋರಾ ಅಂತ. ನಿನಗೆ ಹೇಳೋದು ಬೇಡ ಅಂತಿದ್ದೆ."

ಆಗಲೇ ಎದುರುಮನೆಯ ಕಾತ್ಯಾಯಿನಮ್ಮ ಎಂದಿನಂತೆ ಬಸ್ಸಾರಿನ ಬಟ್ಟಲು ಹಿಡಿದು ಒಳಗೆ ಬಂದರು. ಅವರ ಸಾರನ್ನು ಇಂದುಧರ ವರ್ಷಗಳಿಂದ ಹೊಗಳಿಕೊಂಡು ಬಂದಿದ್ದ.

"ಬಂತಪ್ಪ ಇವರ ಸಾರು," ಎಂದಳು ಅಕ್ಕ. "ಬೆಕ್ಕೂ ಮೂಸಲ್ಲ."

ಕಾತ್ಯಾಯಿನಮ್ಮ ಬಟ್ಟಲನ್ನು ವಾಪಸು ತೆಗೆದುಕೊಂಡು ಹೋದರು. ಹೋಗುವಾಗ ಗೇಟು ಹಾಕಿದ ರಭಸಕ್ಕೆ ಎರಡು ನುಗ್ಗೆಕಾಯಿ ಉದುರಿದವು.

ಒಂದೇ ತಲೆಯಿಂದ ಲೈನು ಎಳೆದದ್ದೇ ತಪ್ಪು ಎಂದು ಭಾವ ತೀರ್ಮಾನಿಸಿದರು. ಇಡೀ ಬೀದಿಗೆ ಸರ್ವಮಂಗಳಮ್ಮ ಗೊತ್ತು, ಅವರ ಗಂಡ ಗೊತ್ತು, ತಮ್ಮ ಗೊತ್ತು. ಎಲ್ಲರ ತಲೆಗಳನ್ನೂ ಸೇರಿಸಿದರೆ ಸರಿಯಾದ ಹೆಸರು ಬರಲೇಬೇಕು. ಬೀದಿಯ ಮೂಲೆಯಲ್ಲಿ ಹಳೆಯ ಟೆಲಿಫೋನ್ ಪೆಟ್ಟಿಗೆ ತುಕ್ಕು ಹಿಡಿದು ನಿಂತಿತ್ತು, ಅದರ ಬೀಗದ ಕೈ ಇನ್ನೂ ಅವರ ಉಡಿದಾರದಲ್ಲಿತ್ತು. ಬೇಡ ಭಾವ ಎನ್ನುತ್ತ ಇಂದುಧರ ಟೋಪಿ ಸಮೇತ ಬಾಗಿಲವರೆಗೆ ಹೋದ. ಅವನ ಟೋಪಿಯ ತಂತಿಯ ಉದ್ದ ಅಲ್ಲಿಗೇ ಮುಗಿದಿತ್ತು. ಅಷ್ಟರಲ್ಲಿ ಭಾವ ಟೋಪಿಗಳಿಂದ ಇನ್ನೊಂದು ತಂತಿ ಎಳೆದು ಮೂಲೆಯ ಪೆಟ್ಟಿಗೆಗೆ ಸೇರಿಸಿಯಾಗಿತ್ತು.

ಮೊಬೈಲು ಬಂದ ಮೇಲೆ ಸತ್ತು, ಕಸೂತಿ ಬಟ್ಟೆ ಹೊದ್ದು ಮಲಗಿದ್ದ ಫೋನುಗಳೆಲ್ಲ ಬೀದಿಯ ಎಲ್ಲ ಮನೆಗಳಲ್ಲೂ ಒಟ್ಟಿಗೇ ಬಡಿದುಕೊಂಡವು. ಇಷ್ಟು ವರ್ಷದ ಮೇಲೆ ಮಾಡಿದ್ದಾರೆಂದರೆ ಮುಖ್ಯವಾದದ್ದೇ ಇರಬೇಕೆಂದು ಎಲ್ಲರೂ ಓಡಿಬಂದು ಎತ್ತಿ, ಹಲೋ ಎಂದರು.

ಬೀದಿಯ ತಲೆಗಳಿಂದ ಹೆಸರು ಈ ಕಡೆ ಬರಬೇಕಿತ್ತು. ಆದರೆ ನೀರು ಇಳಿಜಾರಿಗೇ ಹರಿಯುತ್ತದೆ. ಅಲ್ಲಿದ್ದ ತಲೆಗಳಲ್ಲೆಲ್ಲ ದೊಡ್ಡ ದಾರಿ ಇಂದುಧರನ ಹೈವೇ. ಅದು ಬೀದಿಯ ಕಡೆಗೆ ನುಗ್ಗಿತು.

ಮೊದಲು ಬಂದವರು ಕಾತ್ಯಾಯಿನಮ್ಮ. ಇಂದುಧರನ ಮನೆಯ ಬೀಗವನ್ನು ಎಳೆದು ನೋಡಿ, ಸಮಾಧಾನದಿಂದ ನುಗ್ಗೆಮರದವರೆಗೆ ಹೋಗಿ, ಅನುಮಾನದಿಂದ ವಾಪಸು ಬಂದರು. ಅವರ ಹಿಂದೆ ಕ್ಷೌರದಂಗಡಿಯವನು, ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ, ಅವನ ಹಿಂದೆ ಹಿಟ್ಟಿನ ಗಿರಣಿಯವರು. ಎಲ್ಲರ ಬಾಯಲ್ಲೂ ಒಂದೇ ಮಾತು, ಹಾಕಿದೆನೋ ಇಲ್ಲವೋ. ಎಳೆಯುವುದು, ನುಗ್ಗೆಮರ ಮುಟ್ಟುವುದು, ಮತ್ತೆ ಬಂದು ಸಾಲಿನ ಕೊನೆಗೆ ನಿಲ್ಲುವುದು. ಬೀದಿಗೆ ಬೀದಿಯೇ ತಿರುಗಣಿಯಾಯಿತು. ಸಾಲಿನಲ್ಲಿ ನುಸುಳಿದವರಿಗೆ ಬೈಗುಳವೂ ಬಿತ್ತು. ನಡುವೆ ಟೋಪಿ ತೊಟ್ಟ ಇಂದುಧರ ಬಾಗಿಲಲ್ಲಿ ಕಂಡನೆಂದರೆ ಎಲ್ಲರೂ ಅವನ ಕಡೆ ಕೈ ತೋರಿಸಿ, "ಅದು ನಾನು" ಎಂದು ಮತ್ತೆ ಎಳೆಯಲು ಹೋಗುತ್ತಿದ್ದರು.

ಕೊನೆಗೆ ಬೀಗ ಗಿರಣಿಯವರ ಕೈಗೇ ಕಿತ್ತು ಬಂತು. ಹಾಕಿರಲೇ ಇಲ್ಲ ನೋಡಿ ಎಂದು ಅವರು ಎತ್ತಿ ತೋರಿಸಿದರು. ಇಡೀ ಬೀದಿ ನಿಟ್ಟುಸಿರು ಬಿಟ್ಟಿತು. ಅನುಮಾನ ನಿಜವಾದಾಗ ಸಿಗುವ ನೆಮ್ಮದಿಯೇ ಬೇರೆ.

ಆ ಹೊತ್ತಿಗೆ ಕರಟಗಳು ಕಾದು ನಡುಮನೆಯೆಲ್ಲ ಸುಟ್ಟ ಕೊಬ್ಬರಿಯ ಹೊಗೆ ತುಂಬಿತ್ತು. ಭಾವ ಓಡಿಬಂದು ಇಕ್ಕಳದಿಂದ ತಂತಿ ಕತ್ತರಿಸಿದರು. ಬೀದಿಯವರು ತಾವೇಕೆ ಅಲ್ಲಿದ್ದೇವೆಂದು ತಿಳಿಯದೆ ಮುಖ ಮುಖ ನೋಡಿಕೊಂಡು ಮನೆಗೆ ಹೋದರು. ಕಾತ್ಯಾಯಿನಮ್ಮನಿಗೆ ಮಾತ್ರ ಬೆಕ್ಕಿನ ವಿಷಯ ಚೆನ್ನಾಗಿ ನೆನಪಿತ್ತು.

ಇಂದುಧರ ಟೋಪಿ ತೆಗೆದು ಅಕ್ಕನ ಮುಂದೆ ಕೂತ. ಲೋ ಇಂದು ಎನ್ನುತ್ತಾಳೇನೋ ಎಂದು ಕಾದ. ಅಕ್ಕ ಅವನ ಮುಖವನ್ನು ತುಂಬ ಹೊತ್ತು ನೋಡಿದಳು.

"ತಾವು ಪಕ್ಕದ ಮನೆಯೋರಲ್ವಾ? ಬೀಗ ಹಾಕಿದ್ದೀರೋ ಇಲ್ವೋ?"

ಅವನು ತನ್ನೊಳಗೆ ಹುಡುಕಿದ. ಅನುಮಾನ ಅಲ್ಲಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ ಮೇಲಿನ ಜಾಗದಂತೆ ಖಾಲಿಯಿತ್ತು.

"ಟೆಂಪರರಿ ಕೊಟ್ಟ ಲೈನು ವಾಪಸ್ ಬಂದಿದ್ದು ನನ್ನ ಸರ್ವೀಸಲ್ಲೇ ಇಲ್ಲ," ಎಂದರು ಭಾವ.

ಇಂದುಧರನ ಬಾಗಿಲಿಗೆ ಹೊಸ ಬೀಗ ಬಂತು. ಅಂದಿನಿಂದ ಸರ್ವಮಂಗಳಮ್ಮ ದಿನವೂ ಬೆಳಿಗ್ಗೆ ನುಗ್ಗೆಮರ ದಾಟಿ ಬಂದು ಅದನ್ನು ಎಳೆದು ನೋಡುತ್ತಾಳೆ. ಅದು ಯಾರ ಮನೆ ಎಂದು ಅವಳಿಗೆ ಗೊತ್ತಿಲ್ಲ. ಜಗಲಿಯ ಮೇಲೆ ಚೀಲ ಹಿಡಿದು, ಇನ್ನೇನು ಹೊರಟೆ ಎಂಬಂತೆ ನಿಂತವನಿಗೆ, "ಹಾಕಿದೆ, ಹೋಗಿ ಬನ್ನಿ" ಎನ್ನುತ್ತಾಳೆ. ನಿಮ್ಮ ಭಾವಮೈದುನ ದಿನಾ ಎಲ್ಲಿಗೆ ಹೋಗ್ತಾನೆ ಎಂದು ಕೇಳಿದವರಿಗೆ ಭಾವ, ಅವನಿಗೆ ಸಾವಿರ ಕೆಲಸ, ಎನ್ನುತ್ತಾರೆ.

ತನಗೆ ಹೋಗಬೇಕಾದ ಜಾಗ ಯಾವುದೂ ಇಲ್ಲವೆಂದು, ಅಕ್ಕ ಬಂದು ಎಳೆಯಲಿ ಎಂದೇ ಬೀಗ ಹಾಕುವುದೆಂದು ಇಂದುಧರ ಯಾರಿಗೂ ಹೇಳಿಲ್ಲ.