ಕೋರಸ್ಸಿನ ಎರಡು ಫೈಲು

ಕಾನ್ವೆಂಟಿನಲ್ಲಿ ಕಲಿತ ನನಗೆ ಎರಡು ಚಟಗಳು ಇನ್ನೂ ಬಿಟ್ಟಿಲ್ಲ. ಕನ್ನಡದ ನಡುವೆ ಇಂಗ್ಲಿಷ್ ಉದುರಿಸುವುದು ಒಂದು. ತಪ್ಪು ಒಪ್ಪಿಕೊಳ್ಳುವ ಮೊದಲು ಅದಕ್ಕೊಂದು ಡೀಸೆಂಟ್ ಕಾರಣ ಹುಡುಕುವುದು ಇನ್ನೊಂದು. ಈ ಸಲದ ಕಾರಣದ ಹೆಸರು ಲಿನಕ್ಸ್.

ಕಾಲೇಜಿನ ದಿನಗಳಲ್ಲಿ ನಾವು ಎಂಟು ಹುಡುಗಿಯರು ರೇಡಿಯೋದಲ್ಲಿ ಕೋರಸ್ ಹಾಡಿದ್ದೆವು. ಎಲ್ಲರೂ ಒಂದೇ ಬಣ್ಣದ ಇಳಕಲ್ ಸೀರೆ ಉಟ್ಟು ಹೋಗಿದ್ದೆವು. ರೇಡಿಯೋದಲ್ಲಿ ಸೀರೆ ಕಾಣುವುದಿಲ್ಲವೆಂದು ಯಾರಿಗೂ ಹೊಳೆದಿರಲಿಲ್ಲ. ನಾನು, ಶಾಂತಾ, ವಿಮಲಾ ಒಂದೇ ಮೈಕಿನ ಮುಂದೆ. ಕೊನೆಯ ಚರಣವನ್ನು ಯಾರೋ ಒಬ್ಬಳು ಎಲ್ಲರಿಗಿಂತ ಮೊದಲೇ ಎತ್ತಿಕೊಂಡುಬಿಟ್ಟಳು. ಅದು ಶಾಂತಾ ಎಂದು ನನ್ನ ವಾದ. ‘ಅದು ನೀನಽ’ ಎಂದು ಅವಳದು. ನಮ್ಮ ಮದುವೆ, ಮಕ್ಕಳು, ಮಂಡಿನೋವು ಎಲ್ಲ ಈ ಜಗಳದ ಇಂಟರ್ವಲ್ಲಿನಲ್ಲಿ ಆಗಿಹೋದವು.

ಹೋದ ತಿಂಗಳು ಒಂದು ಆನ್‌ಲೈನ್ ರೇಡಿಯೋ ಆ ಹಾಡನ್ನು ಮತ್ತೆ ಹಾಕಿತು. ವೆಬ್‌ಸೈಟಿನಲ್ಲಿ ಅದು ಇರುವುದು ಒಂದೇ ವಾರ. ಸಪ್ತಾಪುರದ ಶಾಂತಾಳಿಗೆ ಫೋನ್ ಮಾಡಿ, “ರವಿವಾರ ಚಹಾಕ್ಕ ಬಾ, ಪ್ರೂಫ್ ಕೇಳಿಸ್ತೇನಿ” ಎಂದೆ.

“ಬರ್ತೇನಿ. ಕೇಳಿದ ಮ್ಯಾಲೆ ನೀ ತಪ್ಪಾತು ಅನ್ನಬೇಕು. ಸಾರಿ ಅಲ್ಲ, ಕನ್ನಡದಾಗ ಅನ್ನಬೇಕು,” ಎಂದಳು.

ನನ್ನ ಮುದಿ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವರು ಖಾದರ್ ಭಾಯಿ. ಒಂದು ಕಾಲಕ್ಕೆ ಊರಿನ ರೇಡಿಯೋ ರಿಪೇರಿ ಮಾಡುತ್ತಿದ್ದರು, ಈಗ ಕಂಪ್ಯೂಟರ್. ಅವರು ಚೀಟಿಯಲ್ಲಿ ಬರೆದುಕೊಟ್ಟಿದ್ದ ಕಮಾಂಡನ್ನು ಕರಿ ಪರದೆಯಲ್ಲಿ ಹೊಡೆದೆ, ಹಾಡು ಇಳಿಯಿತು. ಆದರೆ ಎಂಟೂ ಹುಡುಗಿಯರು ಒಂದೇ ಎಣ್ಣೆ ಡಬ್ಬಿಯೊಳಗೆ ಕುಳಿತು ಹಾಡಿದಂತಿತ್ತು. ನೋಡಿದರೆ ದನಿಯ ಗುಣಮಟ್ಟ ಹೇಳುವ ಬಿಟ್‌ರೇಟ್ ಬರೀ ಮೂವತ್ತೆರಡು. ನಾನೇನು ದಡ್ಡಳೇ? ಕನ್ವರ್ಟ್ ಮಾಡಿ ಮುನ್ನೂರಾ ಇಪ್ಪತ್ತಕ್ಕೆ ಏರಿಸಿದೆ. ಫೈಲು ಹತ್ತು ಪಟ್ಟು ಉಬ್ಬಿತು. ಹುಡುಗಿಯರು ಡಬ್ಬಿಯಲ್ಲೇ ಉಳಿದರು. ಮತ್ತೊಮ್ಮೆ ಕನ್ವರ್ಟ್ ಮಾಡಿದೆ. ಟ್ರೈ ಅಗೇನ್ ಎಂದು ಸಿಸ್ಟರ್ ಕಲಿಸಿದ್ದರಲ್ಲ.

ಶನಿವಾರ ಬಂದ ಖಾದರ್ ಭಾಯಿ ನೋಡಿ ನಕ್ಕರು. “ಅಕ್ಕಾರ, ಮಜ್ಜಿಗಿಗೆ ನೀರು ಹಾಕಿದ್ರ ಗಡಿಗಿ ತುಂಬ್ತೈತ್ರಿ, ಬೆಣ್ಣಿ ಬರಂಗಿಲ್ರಿ. ಇಳಿಸ್ಕೊಳ್ಳೋವಾಗಽ ಛಲೋದನ್ನ ಆರಿಸ್ಬೇಕ್ರಿ.” ಸೈಟಿನಲ್ಲಿ ಅದೇ ಹಾಡು ಮೂರು ಗುಣಮಟ್ಟದಲ್ಲಿತ್ತಂತೆ. ಇಂಥದೇ ಬೇಕೆಂದು ಹೇಳದಿದ್ದರೆ ನನ್ನ ಕಮಾಂಡು ಸಂತೆಗೆ ಕಳಿಸಿದ ಗಂಡನ ಹಾಗೆ ಎಲ್ಲಕ್ಕಿಂತ ಸಣ್ಣದನ್ನು ಎತ್ತಿಕೊಂಡು ಬರುತ್ತಿತ್ತು. ಅವರು ಪಟ್ಟಿ ತೆಗೆದು, ದೊಡ್ಡದರ ನಂಬರನ್ನು ಕಮಾಂಡಿಗೆ ಸೇರಿಸಿ, ಹಾಡು ಇಳಿಸಿಕೊಟ್ಟು ಹೋದರು.

ಹೆಡ್‌ಫೋನ್ ಹಾಕಿಕೊಂಡೆ. ಬಳೆಯ ಸದ್ದು, ಉಸಿರು, ಈಗ ನಮ್ಮೊಡನೆ ಇಲ್ಲದ ವಿಮಲಾಳ ಮೆಲುದನಿ, ಎಲ್ಲ ಬಿಡಿಬಿಡಿಯಾಗಿ ಕೇಳಿತು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಕೊನೆಯ ಚರಣ ಬಂತು: ಎಲ್ಲರಿಗಿಂತ ಮೊದಲು, ಒಂಟಿಯಾಗಿ, ಫುಲ್ ಕಾನ್ಫಿಡೆನ್ಸಿನಲ್ಲಿ, ನನ್ನ ದನಿ. ಇನ್ನೂ ಮೂರು ಸಲ ಕೇಳಿದೆ. ಮೂರು ಸಲವೂ ನಾನೇ.

ರವಿವಾರ ಶಾಂತಾ ಬಂದಳು. ಚಹಾ ಕೊಟ್ಟು, ಎಣ್ಣೆ ಡಬ್ಬಿಯ ಫೈಲು ಹಾಕಿದೆ. “ಲಿನಕ್ಸಿನ್ಯಾಗ ಇಷ್ಟಽ ಬರೂದು,” ಎಂದೆ.

ಅವಳು ಕೊನೆಯವರೆಗೂ ಕಿವಿಗೊಟ್ಟು ಕೇಳಿದಳು. “ಯಾರ ದನಿನೂ ತಿಳಿವಲ್ದು. ಹೋಗ್ಲಿ ಬಿಡು, ನಾನಽ ಗಡಬಡಿಸಿರಬೇಕು. ವಿಮಲಾನ ದನಿನರ ಕೇಳಿಸಿದ್ರ ಛಲೋ ಇತ್ತು,” ಎನ್ನುತ್ತ ಬಿಸ್ಕೀಟು ಅದ್ದಿದಳು.

ಇಷ್ಟು ವರ್ಷ ಕಾದ ಗೆಲುವು ಸಿಕ್ಕಿತು. ಅವಳು ಕೇಳದಿದ್ದರೂ ಅವಳ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದೆ. ಒಳ್ಳೆಯ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಅವಳಿಗೆ ಕೊಡಲೇಬೇಕು. ಕೊಡುತ್ತೇನೆ. ಕೊನೆಯ ಚರಣವನ್ನಷ್ಟೇ ಕತ್ತರಿಸಿ ಎಸೆಯುವ ಕಮಾಂಡು ಯಾವುದೆಂದು ಖಾದರ್ ಭಾಯಿಯವರನ್ನು ಕೇಳುವುದೊಂದು ಬಾಕಿ ಇದೆ.